ಶೆನ್ ಕೋಚ್‌ಗೊಂದು ಸನ್ಮಾನ

ಕಮಲಾಕ್ಷನಿಗೆ ಈ ಲೋಕದ ಸಕಲ ರೋಗಕ್ಕೂ ಒಂದೇ ಮದ್ದು ಗೊತ್ತಿತ್ತು. ಅದು ಸನ್ಮಾನ. ಕುವೈತಿನ ಅರ್ದಿಯಾದಲ್ಲಿ ಅವನು ದುಡಿಯುತ್ತಿದ್ದ ಗೋದಾಮಿನಲ್ಲಿ ಮೇಲಿನ ಮ್ಯಾನೇಜರು ಮುಖ ಗಂಟಿಕ್ಕಿದರೆ ಸಂಘದ ವಾರ್ಷಿಕೋತ್ಸವದಲ್ಲಿ ಅವರಿಗೊಂದು ಶಾಲು. ಸಭಾಂಗಣ ಕೊಡಲು ಶಾಲೆಯ ಪ್ರಿನ್ಸಿಪಾಲರು ಮೀನಮೇಷ ಎಣಿಸಿದರೆ ಅವರಿಗೂ ಶಾಲು, ಜೊತೆಗೊಂದು ಮೈಸೂರು ಪೇಟ. ಕುವೈತಿನಲ್ಲಿರುವ ನಮ್ಮ ಕರಾವಳಿಯವರ ಸಂಘವೊಂದಕ್ಕೆ ಅವನು ಕಾರ್ಯದರ್ಶಿಯಾಗಿ ಎಷ್ಟು ಕಾಲವಾಗಿತ್ತೆಂದರೆ, ಅವನ ಕೈಯಿಂದ ಶಾಲು ಹೊದಿಸಿಕೊಳ್ಳದೆ ಉಳಿದ ಊರಿನವರನ್ನು ಹುಡುಕಿ ತರಬೇಕಾಗಿತ್ತು. ರಿಗ್ಗೈ ಬಡಾವಣೆಯ ಅವರ ಫ್ಲಾಟಿನ ಕಪಾಟಿನಲ್ಲಿ ಹೆಂಡತಿ ಹರಿಣಾಕ್ಷಿಯ ಸೀರೆಗಳು ಒಂದು ಮೂಲೆಯಲ್ಲಿ ಮುದುಡಿಕೊಂಡಿದ್ದವು. ಉಳಿದದ್ದೆಲ್ಲ ಶಾಲಿನ ದಾಸ್ತಾನು.

"ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ" ಎಂದು ಅವಳು ಗೊಣಗಿದರೆ, "ಶಾಲು ಎಂತ ಹಾಳಾಗುವ ವಸ್ತುವಾ ಮಾರಾಯ್ತಿ? ಇರಲಿ ಅಲ್ಲಿ" ಎನ್ನುತ್ತಿದ್ದ.

ಹಾಗಾಗಿ ಶೆನ್ ಕೋಚ್ ತಮ್ಮ ಮಗಳನ್ನು ತರಗತಿಯಿಂದ ತೆಗೆದುಹಾಕುತ್ತೇನೆ ಎಂದ ದಿನ, ಗಂಡನ ಬಾಯಿಂದ ಯಾವ ಮಾತು ಬರುತ್ತದೆಂದು ಹರಿಣಾಕ್ಷಿಗೆ ಮೊದಲೇ ತಿಳಿದಿತ್ತು.

"ಒಂದು ಸನ್ಮಾನ ಮಾಡುವ" ಎಂದ ಕಮಲಾಕ್ಷ.

ಹರಿಣಾಕ್ಷಿ ಹಣೆ ಚಚ್ಚಿಕೊಂಡಳು.

ಅವರ ಮಗಳು ದೀಕ್ಷಿತಾ ಕಾಲೇಜಿಗೆ ಸೇರಿದ ವರ್ಷ ಆರನೇ ರಿಂಗ್ ರೋಡಿನಲ್ಲಿ ಗೆಳತಿಯ ಕಾರು ಮಗುಚಿ, ಸೊಂಟದ ಕೆಳಗಿನ ಶಕ್ತಿ ಕಳೆದುಕೊಂಡಿದ್ದಳು. ಅದಾದ ಮೇಲೆ ಆ ಹುಡುಗಿ ಯಾವುದಕ್ಕೂ ಎದುರಾಡುತ್ತಿರಲಿಲ್ಲ. ಊಟ ಬೇಕಾ ಅಂದರೆ ಹೂಂ. ಆಚೆ ಹೋಗುವ ಅಂದರೆ ಹೂಂ. ಮನೆಗೆ ಬಂದವರು ಕೆನ್ನೆ ಸವರಿ "ಪಾಪ" ಅಂದರೆ ಅದಕ್ಕೂ ಒಂದು ಸಣ್ಣ ನಗು. ಮೊದಲು ಬಾಯಿಗೆ ಬಾಯಿ ಕೊಡುತ್ತಿದ್ದ ಮಗಳು ಹೀಗೆ ಮೆತ್ತಗಾದದ್ದನ್ನು ನೋಡಿ ನೆಂಟರು "ಎಷ್ಟು ಒಳ್ಳೆಯ ಮಗು" ಎಂದು ಹೊಗಳುವಾಗ ಹರಿಣಾಕ್ಷಿಗೆ ಎದ್ದು ಅವರ ಚಹಾದ ಕಪ್ಪು ಕಿತ್ತುಕೊಳ್ಳಬೇಕೆನಿಸುತ್ತಿತ್ತು.

ಹರಿಣಾಕ್ಷಿಗೆ ಜಾಬ್ರಿಯಾದ ಕ್ಲಿನಿಕ್ಕೊಂದರಲ್ಲಿ ರಿಸೆಪ್ಷನ್ ಕೆಲಸ. ಅಲ್ಲಿನ ಫಿಸಿಯೋಥೆರಪಿಸ್ಟ್ ಒಬ್ಬಳಿಂದ ಅವಳಿಗೆ ಆ ಕ್ಲಬ್ಬಿನ ಸುದ್ದಿ ಸಿಕ್ಕಿತು. ಗಾಲಿಕುರ್ಚಿಯಲ್ಲಿ ಕೂತವರಿಗೆ ಕತ್ತಿವರಸೆ ಕಲಿಸುತ್ತಾರಂತೆ, ಚೀನಾದಿಂದ ಬಂದ ಚಾಂಪಿಯನ್ ಒಬ್ಬಳು ಕಲಿಸುತ್ತಾಳಂತೆ. ಕತ್ತಿವರಸೆಯೇ! ಹರಿಣಾಕ್ಷಿ ನಕ್ಕುಬಿಟ್ಟಿದ್ದಳು. ಆದರೆ ಮೊದಲ ದಿನ ಜಾಲರಿಯ ಮುಖವಾಡ ಹಾಕಿ ಆ ಸಪೂರ ಕತ್ತಿ ಹಿಡಿದು ಆಡಿ ಬಂದ ದೀಕ್ಷಿತಾ, ಸಂಜೆ ಮನೆಯಲ್ಲಿ ತಾನಾಗಿ ಬಾಯಿಬಿಟ್ಟು ಇನ್ನೊಂದು ದೋಸೆ ಕೇಳಿದಳು. ಆ ದೋಸೆ ಹುಯ್ಯುವಾಗ ಹರಿಣಾಕ್ಷಿ ಅತ್ತದ್ದು ಯಾರಿಗೂ ಗೊತ್ತಿಲ್ಲ. ಈಗ ಆ ತರಗತಿಗೇ ಕುತ್ತು ಬಂದಿತ್ತು. ಅದು ತಪ್ಪಿದರೆ ಮಗಳು ಮತ್ತೆ ಕೋಣೆಯ ಬಾಗಿಲು ಹಾಕಿಕೊಂಡು ಹೂಂ ಹೂಂ ಎನ್ನುತ್ತ ಕೂರುವವಳೇ.

ಶೆನ್ ಯೂಲಾನ್ ಎಂಬ ಈ ಕೋಚಿಗೆ ಹರಿಣಾಕ್ಷಿಯದೇ ವಯಸ್ಸು. ಗಿಡ್ಡ ಆಳು, ಗಿಡ್ಡ ಕೈ, ಗಂಡಸರ ಹಾಗೆ ಕತ್ತರಿಸಿದ ಕೂದಲು. ಇಂಗ್ಲಿಷಿನ ಒಂದಿಷ್ಟು ಮಾತು, ಅರಬಿಯ ಒಂದಿಷ್ಟು ಮಾತು, ಉಳಿದದ್ದನ್ನೆಲ್ಲ ಹುಬ್ಬಿನಿಂದಲೇ ಆಡುತ್ತಿದ್ದಳು. ಚೆನ್ನಾಗಿತ್ತು, ಭೇಷ್ ಎಂಬ ಪದಗಳು ಅವಳಿಗೆ ಯಾವ ಭಾಷೆಯಲ್ಲೂ ಬರುತ್ತಿರಲಿಲ್ಲ. ಅವಳೂ ಗಾಲಿಕುರ್ಚಿಯವಳೇ, ಆದರೆ ಆ ಕುರ್ಚಿಗೆ ಹಿಂದಿನಿಂದ ತಳ್ಳುವ ಹಿಡಿಗಳೇ ಇರಲಿಲ್ಲ. ಗರಗಸ ಹಾಕಿ ಕೊಯ್ಯಿಸಿದ್ದಳು. ಮೊದಲ ಭೇಟಿಯಲ್ಲೇ ಹರಿಣಾಕ್ಷಿ ಅಭ್ಯಾಸಬಲದಿಂದ ಅವಳ ಕುರ್ಚಿ ತಳ್ಳಲು ಹೋಗಿ, ಹಿಡಿಯಲು ಏನೂ ಸಿಗದೆ ಅವಳ ಭುಜ ಹಿಡಿದು ಬೈಸಿಕೊಂಡಿದ್ದಳು. ದೀಕ್ಷಿತಾಳ ಕುರ್ಚಿಯ ಹಿಡಿಗಳಿಗಾದರೋ ಹರಿಣಾಕ್ಷಿ ತಾನೇ ಉಲ್ಲನ್ನಿನ ಕವಚ ಹೆಣೆದು ತೊಡಿಸಿದ್ದಳು, ನೇರಳೆ ಬಣ್ಣದ್ದು.

ಈ ಆಟದ ರೀತಿಯೇ ವಿಚಿತ್ರ. ಇಬ್ಬರ ಕುರ್ಚಿಗಳನ್ನೂ ಎದುರುಬದುರಾಗಿ ನೆಲದ ಮೇಲಿನ ಕಬ್ಬಿಣದ ಚೌಕಟ್ಟಿಗೆ ಬಿಗಿದುಬಿಡುತ್ತಾರೆ. ಮುಂದೆ ಓಡುವಂತಿಲ್ಲ, ಹಿಂದೆ ಸರಿಯುವಂತಿಲ್ಲ. ಕುಂಡೆ ಸೀಟಿನಿಂದ ಮೇಲೇಳಬಾರದು. ಸೊಂಟದ ಮೇಲೆ ಎಲ್ಲಿ ತಾಗಿದರೂ, ಬೆರಳಿಗೆ ತಾಗಿದರೂ ದೀಪ ಹತ್ತಿ ಅಂಕ ಬೀಳುತ್ತದೆ. ತಪ್ಪಿಸಿಕೊಳ್ಳಲು ಇರುವ ಒಂದೇ ದಾರಿ ಬೆನ್ನನ್ನು ಹಿಂದಕ್ಕೆ ವಾಲಿಸುವುದು. ದೀಕ್ಷಿತಾ ಮಾಡುತ್ತಿದ್ದದ್ದು ಅದನ್ನೇ. ಕತ್ತಿ ಬಂತೋ, ಹಿಂದಕ್ಕೆ ವಾಲಿದಳು. ಇನ್ನೂ ಮುಂದೆ ಬಂತೋ, ಇನ್ನೂ ವಾಲಿದಳು. ಕೊನೆಗೆ ವಾಲಲು ಜಾಗವಿಲ್ಲದೆ ಚುಚ್ಚಿಸಿಕೊಂಡು, ಮುಖವಾಡದೊಳಗಿಂದ "ಸಾರಿ" ಎನ್ನುತ್ತಿದ್ದಳು. ಚುಚ್ಚಿಸಿಕೊಂಡವಳೇ ಸಾರಿ ಹೇಳುವುದನ್ನು ಕಂಡರೆ ಕೋಚಿಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳು ದೀಕ್ಷಿತಾಳ ಬೆನ್ನ ಹಿಂದೆ ಒಂದು ಗಂಟೆ ತೂಗುಹಾಕಿದ್ದಳು. ಹಿಂದೆ ವಾಲಿದರೆ ಸಾಕು, ಟಣ್. ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತು ಆ ಗಂಟೆ ಕೇಳೀ ಕೇಳೀ ಹರಿಣಾಕ್ಷಿಗೆ ಮನೆಯಲ್ಲಿ ಆರತಿಯ ಗಂಟೆ ಬಾರಿಸಿದರೂ ಎದೆ ಹೊಡೆದುಕೊಳ್ಳುವಂತಾಗಿತ್ತು.

"ನಿನ್ನ ಮಗಳು ಆಡುವುದಿಲ್ಲ, ಕೂತಿರುತ್ತಾಳೆ" ಎಂದಳು ಶೆನ್ ಕೋಚ್ ಆ ದಿನ, ತನ್ನ ಮುರುಕು ಇಂಗ್ಲಿಷಿನಲ್ಲಿ. "ಕೂರುವುದಕ್ಕೆ ಮನೆ ಇದೆ. ಈ ತಿಂಗಳು ನೋಡುತ್ತೇನೆ. ಆಮೇಲೆ ಖಲಾಸ್. ಬೇರೆ ಹುಡುಗಿಯರು ಕಾಯುತ್ತಿದ್ದಾರೆ."

"ಮೇಡಂ, ಅವಳಿಗೆ ಸ್ವಲ್ಪ ಭಯ..."

"ನಿನ್ನ ಕೈ ಉದ್ದ" ಎಂದಳು ಕೋಚ್, ಸಂಬಂಧವೇ ಇಲ್ಲದ ಹಾಗೆ. ಹರಿಣಾಕ್ಷಿ ನಿಜಕ್ಕೂ ಎತ್ತರದ ಹೆಂಗಸು, ಮಗಳಿಗೆ ಬಂದದ್ದು ಅಪ್ಪನ ಗಿಡ್ಡ ಕೈ. "ನಿನ್ನಂಥ ಕೈ ನನಗೆ ಇದ್ದಿದ್ದರೆ!"

ಇಂಥವಳ ಹತ್ತಿರ ಏನು ಮಾತಾಡುವುದು? ಒಮ್ಮೆ ಮನೆಗೆ ಕರೆದು ಊಟ ಹಾಕಿದಾಗಲೂ ಹೀಗೆಯೇ. ಕೋಳಿ ಸುಕ್ಕ ಬೆವರು ಒರೆಸಿಕೊಂಡು ತಿಂದಳು, ಸಾಕು ಎಂದು ತಟ್ಟೆಗೆ ಕೈ ಅಡ್ಡ ಹಿಡಿದಳು. ಹರಿಣಾಕ್ಷಿ ಆ ಕೈಯ ಸಂದಿಯಿಂದಲೇ ಇನ್ನೊಂದು ಸೌಟು ಬಡಿಸಿದಳು. ಅತಿಥಿ ಸಾಕು ಎಂದ ಕೂಡಲೇ ಪಾತ್ರೆ ಎತ್ತಿಡುವುದು ಎಂಥ ಮನೆತನ? ಶೆನ್ ಕೋಚ್ ತಟ್ಟೆಯನ್ನೂ ಅವಳನ್ನೂ ನೋಡಿ, "ನಿಮ್ಮ ಊರಲ್ಲಿ ಬೇಡ ಅಂದರೆ ಯಾರಿಗೂ ಕೇಳಿಸುವುದಿಲ್ಲವಾ?" ಎಂದು ಕೇಳಿದ್ದಳು. ಎಲ್ಲರೂ ನಕ್ಕಿದ್ದರು. ಕೋಚ್ ನಕ್ಕಿರಲಿಲ್ಲ.

ಸನ್ಮಾನ ಎಂದ ಮೇಲೆ ಸನ್ಮಾನ ಪತ್ರ ಬೇಕು. ಅದನ್ನು ಬರೆಯುವ ಗುತ್ತಿಗೆ ಬರ್ನಾರ್ಡನದು. ಅವನು ಕಮಲಾಕ್ಷನ ಗೆಳೆಯ, ಸಂಘದ ಎಲ್ಲ ಸಮಾರಂಭಗಳ ನಿರೂಪಕ. ಮೈಕು ಕಂಡರೆ ಬಿಡದ ಮನುಷ್ಯ. "ಅಕ್ಕಾ, ಅವರ ಕಷ್ಟದ ಕಥೆ ಸ್ವಲ್ಪ ತೆಗೆದುಕೊಡಿ. ಕಣ್ಣೀರು ಬರುವಂಥದ್ದು ಇದ್ರೆ ಒಳ್ಳೇದು" ಎಂದು ಹರಿಣಾಕ್ಷಿಗೆ ಗಂಟುಬಿದ್ದ. ಸಂಘದ ಸ್ಮರಣ ಸಂಚಿಕೆಗೆ ಎಂದು ಸುಳ್ಳು ಹೇಳಿ, ತರಗತಿ ಮುಗಿದ ಮೇಲೆ ಅವಳು ಶೆನ್ ಕೋಚಿನ ಮುಂದೆ ಕೂತಳು. ಕೋಚ್ ಕತ್ತಿಗಳ ತುದಿ ಪರೀಕ್ಷಿಸುತ್ತ, ತಲೆ ಎತ್ತದೆ, ಒಂದೊಂದೇ ಮಾತು ಉದುರಿಸಿದಳು. ಕಲ್ಲಿನಿಂದ ಎಣ್ಣೆ ತೆಗೆದ ಹಾಗಾಯಿತು.

ನದಿ ದಂಡೆಯ ಒಂದು ಸಣ್ಣ ಊರು. ನಡೆಯಲು ಕಲಿಯುವಷ್ಟರಲ್ಲಿ ಜ್ವರ ಬಂದು ಕಾಲು ಹೋದವು. ಅಮ್ಮ ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಡುತ್ತಿದ್ದಳು.

"ಪಾಪ, ನಿಮ್ಮ ಅಮ್ಮ!" ಎಂದಳು ಹರಿಣಾಕ್ಷಿ.

"ಯಾಕೆ? ಅವಳು ಗಟ್ಟಿ ಹೆಂಗಸು. ನನಗೆ ಅವಳ ಬೆವರಿನ ವಾಸನೆ ಸೇರುತ್ತಿರಲಿಲ್ಲ. ಅದಕ್ಕೇ ಕೈ ಊರಿ ಹೋಗುವುದು ಕಲಿತೆ."

ದೊಡ್ಡವಳಾದ ಮೇಲೆ ಅಂಗಿ ಹೊಲಿಯುವ ಕಾರ್ಖಾನೆ. ಕಾಲರ್ ಹೊಲಿಯುವುದರಲ್ಲಿ ಅವಳಷ್ಟು ಚುರುಕು ಇನ್ನೊಬ್ಬರಿರಲಿಲ್ಲ. ಅಲ್ಲಿಗೆ ಪ್ರಾಂತ್ಯದ ಕ್ರೀಡಾ ಕಚೇರಿಯವರು ಬಂದರು, ಚುರುಕು ಕೈಗಳನ್ನು ಹುಡುಕಿಕೊಂಡು. ಅವಳ ಹಾಗೆ ಕಾಲು ಸೋತ ಹುಡುಗಿಯರನ್ನು ಸಾಲಾಗಿ ಕೂರಿಸಿ ಟೇಪು ಹಿಡಿದು ತೋಳು ಅಳೆದರು. ಇವಳದೇ ಎಲ್ಲರಿಗಿಂತ ಗಿಡ್ಡ. ಬೇಡ ಎಂದು ಪಕ್ಕಕ್ಕೆ ಕೂರಿಸಿದ್ದರು. ಆಗ ಅಲ್ಲಿದ್ದ ಮುದುಕ ಕೋಚ್ ಒಬ್ಬ ಹೇಳಿದನಂತೆ: ಇದು ಗಾಲಿಕುರ್ಚಿಯ ಆಟ. ಕುರ್ಚಿಗಳ ನಡುವೆ ಎಷ್ಟು ಅಂತರ ಇರಬೇಕೆಂದು ಆರಿಸುವ ಹಕ್ಕು ಇಲ್ಲಿ ಗಿಡ್ಡ ಕೈಯವರದು. ಇವಳಿರಲಿ.

"ಅಂತರ ನಾನು ಆರಿಸುತ್ತಿದ್ದೆ. ಯಾವಾಗಲೂ ಹತ್ತಿರ" ಎಂದಳು ಕೋಚ್. "ದೂರ ಕೂತರೆ ಉದ್ದ ಕೈಯವಳಿಗೆ ಸುಖ. ಹತ್ತಿರ ಕೂತರೆ ಇಬ್ಬರಿಗೂ ನೋವು."

ಮೊದಮೊದಲು ಅವಳೂ ಹಿಂದೆ ವಾಲುತ್ತಿದ್ದಳು. ಆ ಮುದುಕ ಅವಳ ಬೆನ್ನ ಹಿಂದೆ ಗಂಟೆ ಕಟ್ಟಿದ. ಗಂಟೆ ಬಾರಿಸಿದಾಗಲೆಲ್ಲ ಉಳಿದ ಹುಡುಗಿಯರು ನಗುತ್ತಿದ್ದರು. ಎರಡು ಚಳಿಗಾಲ ನಕ್ಕರು. ಮೂರನೆಯ ಚಳಿಗಾಲದಲ್ಲಿ ನಗುವುದಕ್ಕೆ ಏನೂ ಉಳಿಯಲಿಲ್ಲ. ಆಮೇಲೆ ಪ್ರಾಂತ್ಯ, ಆಮೇಲೆ ದೇಶ, ಆಮೇಲೆ ಏಷ್ಯಾ, ಆಮೇಲೆ ಪ್ಯಾರಾಲಿಂಪಿಕ್ಸ್.

"ಮೊದಲ ಚಿನ್ನ ಸಿಕ್ಕಿದಾಗ ನಿಮಗೆ ಏನನ್ನಿಸಿತು ಮೇಡಂ?" ಬರ್ನಾರ್ಡ್ ಕೊಟ್ಟುಕಳಿಸಿದ್ದ ಪ್ರಶ್ನೆ ಅದು.

"ಹಸಿವಾಗಿತ್ತು."

ಹರಿಣಾಕ್ಷಿ ನಿಟ್ಟುಸಿರುಬಿಟ್ಟಳು. ಇದನ್ನು ಹೇಗೆ ಬರೆಯುವುದು? ಕೊನೆಯ ದೊಡ್ಡ ಪಂದ್ಯದ ಬಗ್ಗೆ ಕೇಳಿದಳು. ಅದರಲ್ಲಿ ಒಂದೇ ಅಂಕಕ್ಕೆ ಸೋತಳಂತೆ. ಗೆಲ್ಲುವ ಆಸೆ ಜಾಸ್ತಿಯಾಗಿ ಮೈ ಸೀಟಿನಿಂದ ಎದ್ದುಬಿಟ್ಟಿತಂತೆ. ಅದು ತಪ್ಪು, ಅಂಕ ಹೋಯಿತು. ಮರುದಿನದಿಂದ ಏನು ಮಾಡಿದಿರಿ ಎಂದು ಕೇಳಿದಾಗ ಮೊದಲ ಸಲ ಶೆನ್ ಕೋಚ್ ತಲೆ ಎತ್ತಿದಳು.

"ಕಚೇರಿಯಲ್ಲಿ ಕೆಲಸ ಕೊಟ್ಟರು. ಕೆಲಸ ಏನೆಂದರೆ ಸಮಾರಂಭ. ಪ್ರತಿ ಸಮಾರಂಭಕ್ಕೂ ನನ್ನನ್ನು ಎತ್ತಿ ವೇದಿಕೆಯ ಮೇಲೆ ಇಡುತ್ತಿದ್ದರು, ಹೂಕುಂಡದ ಪಕ್ಕ. ಹೂಕುಂಡವನ್ನೂ ಹಾಗೇ ಎತ್ತಿಡುತ್ತಿದ್ದರು. ನಾನು ಚಾಂಪಿಯನ್, ಹರಿ. ಜನರ ಕೈ ಚುಚ್ಚಿ ಚಾಂಪಿಯನ್ ಆದವಳು. ವರ್ಷಗಟ್ಟಲೆ ಹೂವಿನ ಪಕ್ಕ ಕೂತು ನಕ್ಕೆ. ಕುವೈತಿನವರು ಕರೆದಾಗ ಸಂಬಳ ಕೂಡ ಕೇಳದೆ ಬಂದೆ."

ಹರಿಣಾಕ್ಷಿ ಪೆನ್ನು ಮುಚ್ಚಿ ಎದ್ದಳು. ಆ ಸಂಜೆ ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಗಂಡನಿಗೆ ಹೇಳಿದಳು, "ಇವ್ರೇ, ಬೇಡ. ಅವರಿಗೆ ಸನ್ಮಾನ ಅಂದ್ರೆ ಆಗುವುದಿಲ್ಲ. ಹೂವಿನ ಪಕ್ಕ ಕೂರಿಸ್ತಾರೆ ಅಂತಲೇ ಊರು ಬಿಟ್ಟು ಬಂದದ್ದು."

"ಅದು ಸರಕಾರದ ಹೂವು ಮಾರಾಯ್ತಿ. ನಮ್ಮದು ಪ್ರೀತಿಯ ಶಾಲು. ಅದೂ ಇದೂ ಒಂದಾ?"

"ಅವರನ್ನು ಸ್ಟೇಜಿಗೆ ಎತ್ತುವುದು ಅಂತೂ ಬೇಡವೇ ಬೇಡ."

"ಆಯ್ತು, ಕೆಳಗೇ ಮಾಡುವ. ಆಯ್ತಲ್ಲ? ಒಮ್ಮೆ ಮನಸ್ಸು ಕರಗಿದ್ರೆ ನಮ್ಮ ಮಗಳನ್ನು ತೆಗೀತಾರಾ ಅವರು? ನೀನೇ ಹೇಳು."

ಇಲ್ಲಿಗೇ ಅವಳು ಪಟ್ಟು ಹಿಡಿದು ನಿಂತಿದ್ದರೆ ಕಥೆ ಬೇರೆಯಾಗುತ್ತಿತ್ತು. ಆದರೆ ತಿಂಗಳು ಮುಗಿಯುತ್ತ ಬಂದಿತ್ತು, ಗಂಟೆ ಬಾರಿಸುವುದು ನಿಂತಿರಲಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಗಂಡನ ಮದ್ದು ಯಾರಿಗೆ ಗೊತ್ತು, ನಾಟಿದರೂ ನಾಟೀತು ಎಂದು ಅವಳಿಗೂ ಒಳಗೊಳಗೇ ಆಸೆ ಹುಟ್ಟಿತು. ಕೋಚಿಗೆ ಫೋನು ಮಾಡಿದಳು.

"ಶುಕ್ರವಾರ ಊಟಕ್ಕೆ ಬನ್ನಿ ಮೇಡಂ. ಊರಿನವರೆಲ್ಲ ಸೇರುತ್ತೇವೆ. ಕೋರಿ ರೊಟ್ಟಿ ಉಂಟು."

"ಊಟ ಮಾತ್ರ?"

"ಊಟ ಮಾತ್ರ."

"ಮೆಟ್ಟಿಲು?"

"ಇಲ್ಲ. ಹಾಲಿಗೆ ಇಳಿಜಾರು ಉಂಟು."

ಇದ್ದದ್ದು ನಿಜ. ವೇದಿಕೆಗೆ ಮಾತ್ರ ಇರಲಿಲ್ಲ, ಅದನ್ನು ಅವಳು ಹೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಅಬ್ಬಾಸಿಯಾದ ಶಾಲೆಯೊಂದರ ಸಭಾಂಗಣ ತುಂಬಿತ್ತು. ಶೆನ್ ಕೋಚ್ ಕೈಯಿಂದಲೇ ನಡೆಸುವ ತನ್ನ ಕಾರಿನಲ್ಲಿ ಬಂದು, ಕುರ್ಚಿ ತಾನೇ ಇಳಿಸಿ, ಕೆಂಪು ಜಾಕೆಟ್ ಸರಿಮಾಡಿಕೊಂಡು ಒಳಗೆ ಬಂದಳು. ದೀಕ್ಷಿತಾಳ ಪಕ್ಕದಲ್ಲಿ ಜಾಗ ಹಿಡಿದು ಅಡುಗೆಯ ವಾಸನೆ ಬರುತ್ತಿದ್ದ ದಿಕ್ಕಿಗೆ ಒಮ್ಮೆ ಮೂಗು ತಿರುಗಿಸಿದಳು. ಪಾಪದವಳು, ಹಸಿದೇ ಬಂದಿದ್ದಳು.

ಹರಿಣಾಕ್ಷಿ ವೇದಿಕೆಯ ಕಡೆ ನೋಡಿದಳು. ಸಿಂಹಾಸನದಂಥ ಕುರ್ಚಿಗಳು, ಶಾಲಿನ ಹರಿವಾಣ, ಪೇಟ, ಎಲ್ಲವೂ ಮೇಲೆಯೇ ಇದ್ದವು. ಓಡಿಹೋಗಿ ಗಂಡನ ತೋಳು ಹಿಡಿದಳು.

"ಕೆಳಗೆ ಮಾಡುವ ಅಂದಿದ್ರಲ್ಲ!"

"ಮುಖ್ಯ ಅತಿಥಿಗಳು ಮೇಲೆ ಕೂತಾಯ್ತು. ಅವರನ್ನು ಕೆಳಗೆ ಇಳಿಸ್ಲಿಕ್ಕೆ ಆಗ್ತದಾ? ಊಟ ಅವರ ಲೆಕ್ಕದ್ದು ಮಾರಾಯ್ತಿ."

"ಹಾಗಾದ್ರೆ ಕಾರ್ಯಕ್ರಮವೇ ಬೇಡ. ನಿಲ್ಸಿ."

"ಐದು ನಿಮಿಷದ ಕೆಲಸ. ನಮ್ಮ ಹುಡುಗರು ಹೂವಿನ ಹಾಗೆ ಎತ್ತಿ ಇಡ್ತಾರೆ."

ಹೂವಿನ ಹಾಗಂತೆ! ಹರಿಣಾಕ್ಷಿ ಬಾಯಿ ತೆರೆಯುವಷ್ಟರಲ್ಲಿ ಬರ್ನಾರ್ಡ್ ಮೈಕಿನಲ್ಲಿ ಶೆನ್ ಯೂಲಾನ್ ಎಂಬ ಹೆಸರನ್ನು ಮಂಗಳೂರಿನ ಹೆಸರಿನ ಹಾಗೆ ಉದ್ದಕ್ಕೆ ಎಳೆದು ಕೂಗಿಯಾಗಿತ್ತು. ಚಪ್ಪಾಳೆ ಬಿತ್ತು. ನಾಲ್ಕು ಜನ ಯುವಕರು ಕೈ ಒರೆಸಿಕೊಂಡು ಬಂದು ಕೋಚಿನ ಕುರ್ಚಿಯ ನಾಲ್ಕು ಮೂಲೆ ಹಿಡಿದರು.

"ನೋ" ಎಂದಳು ಶೆನ್ ಕೋಚ್.

ಯುವಕರು ನಕ್ಕರು. ಅವರ ತಪ್ಪೂ ಇಲ್ಲ ಅನ್ನಿ. ನಮ್ಮವರಲ್ಲಿ ಬೇಡ ಎನ್ನದೆ ಸನ್ಮಾನ ಮಾಡಿಸಿಕೊಂಡವರುಂಟೇ? ಶಾಲಿಗಾಗಿ ಆರು ತಿಂಗಳು ಓಡಾಡಿದವನೂ ಹೆಸರು ಕರೆದಾಗ "ಛೇ ಛೇ, ನನಗ್ಯಾಕೆ, ಬೇಡ ಬೇಡ" ಎಂದು ಕುರ್ಚಿಗೆ ಅಂಟಿಕೊಳ್ಳಬೇಕು, ಇಬ್ಬರು ಬಂದು ರಟ್ಟೆ ಹಿಡಿದು ಎಳೆಯಬೇಕು. ಅದು ಮರ್ಯಾದೆ. ಕರೆದ ಕೂಡಲೇ ಎದ್ದು ಹೋದರೆ ದುರಾಸೆಯ ಮನುಷ್ಯ ಎನ್ನುತ್ತಾರೆ.

"ನೋ. ಸ್ಟಾಪ್."

"ಪರವಾಗಿಲ್ಲ ಮೇಡಂ, ನೋ ಪ್ರಾಬ್ಲಂ, ಯಲ್ಲಾ, ನಡೀರಿ!" ಎಂದು ಎತ್ತಿಯೇಬಿಟ್ಟರು. ಚೀನಾದವರಿಗೂ ಎಷ್ಟು ವಿನಯ ನೋಡಿ ಎಂದು ಮುಂದಿನ ಸಾಲಿನ ಹೆಂಗಸೊಬ್ಬಳು ಪಕ್ಕದವಳಿಗೆ ಹೇಳಿದ್ದು ಹರಿಣಾಕ್ಷಿಗೆ ಕೇಳಿಸಿತು. ಗಾಳಿಯಲ್ಲಿ ತೇಲುತ್ತ ಹೋಗುವಾಗ ಶೆನ್ ಕೋಚ್ ಒಮ್ಮೆ ಹಿಂದೆ ತಿರುಗಿ ಸಭೆಯಲ್ಲಿ ಹರಿಣಾಕ್ಷಿಯನ್ನೇ ಹುಡುಕಿ ನೋಡಿದಳು. ಆ ನೋಟಕ್ಕಿಂತ ಕೆನ್ನೆಗೆ ಎರಡು ಬಾರಿಸಿದ್ದರೆ ಚೆನ್ನಾಗಿತ್ತು.

ವೇದಿಕೆಯಲ್ಲಿ ಹೂಕುಂಡಗಳಿದ್ದವು. ಅವುಗಳ ಪಕ್ಕದಲ್ಲೇ ಅವಳನ್ನು ಇಟ್ಟರು. ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು. ಪೇಟ ಅವಳ ಸಣ್ಣ ತಲೆಗೆ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ಅವಳು ಅದನ್ನು ಸರಿಮಾಡಿಕೊಳ್ಳಲಿಲ್ಲ. ಬರ್ನಾರ್ಡ್ ಗಂಟಲು ಸರಿಪಡಿಸಿಕೊಂಡು, "ವಿಧಿಯ ಕ್ರೂರ ಪ್ರಹಾರಕ್ಕೆ ಸಿಲುಕಿಯೂ ಎದೆಗುಂದದೆ, ಹೆತ್ತ ತಾಯಿಯ ಕಣ್ಣೀರನ್ನೇ ಕತ್ತಿಯಾಗಿಸಿಕೊಂಡು..." ಎಂದು ಶುರುಮಾಡಿದ. ಯಾವ ಕಣ್ಣೀರು? ಬೆವರು ಎಂದು ಬರೆದುಕೊಟ್ಟಿದ್ದಳು ಹರಿಣಾಕ್ಷಿ. ಅವಳಿಗೆ ಗಂಡನ ಮೇಲೆ, ಬರ್ನಾರ್ಡನ ಮೇಲೆ, ಮೇಲೆ ಕೂತು ಮೊಬೈಲು ನೋಡುತ್ತಿದ್ದ ಮುಖ್ಯ ಅತಿಥಿಯ ಮೇಲೆ, ಕರೆದಲ್ಲಿಗೆ ಊಟದ ಆಸೆಗೆ ಬಂದ ಈ ಕೋಚಿನ ಮೇಲೂ ಸಿಟ್ಟು ಉಕ್ಕಿತು. ಇಷ್ಟು ಜನರಲ್ಲಿ ಒಬ್ಬರಿಗಾದರೂ ಬುದ್ಧಿ ಇರಬಾರದೇ!

ಓದು ಮುಗಿಯಿತು. ಕೋಚ್ ಚೀನಾಕ್ಕೆ ಒಯ್ಯಲು ಸುಲಭವಾಗಲೆಂದು ಸನ್ಮಾನ ಪತ್ರಕ್ಕೆ ಈ ಸಲ ಚೌಕಟ್ಟು ಹಾಕಿಸದೆ, ಸುರುಳಿ ಸುತ್ತಿ ಗಟ್ಟಿ ರಟ್ಟಿನ ಕೊಳವೆಯಲ್ಲಿ ಹಾಕಿ ರಿಬ್ಬನ್ ಕಟ್ಟಿದ್ದರು. ಅದನ್ನೂ ಹಣ್ಣಿನ ಹರಿವಾಣವನ್ನೂ ದೀಕ್ಷಿತಾಳ ತೊಡೆಯ ಮೇಲೆ ಇಟ್ಟರು. "ಈಗ ಶಿಷ್ಯೆ ಕುಮಾರಿ ದೀಕ್ಷಿತಾ ತನ್ನ ಗುರುಗಳಿಗೆ ಗೌರವ ಸಲ್ಲಿಸಲಿದ್ದಾಳೆ" ಎಂದ ಬರ್ನಾರ್ಡ್. ಆ ನಾಲ್ವರು ಮತ್ತೆ ಬಂದರು.

"ನೋ, ಥ್ಯಾಂಕ್ಸ್" ಎಂದಳು ದೀಕ್ಷಿತಾ, ನೆಲ ನೋಡಿಕೊಂಡು.

"ನಾಚಿಕೆ ಎಂತಕ್ಕೆ ತಂಗೀ?" ಎಂದು ಅವರು ಬಗ್ಗಿದರು.

ಹರಿಣಾಕ್ಷಿಗೆ ಒಂದೇ ಯೋಚನೆ: ಇದು ಬೇಗ ಮುಗಿಯಬೇಕು. ಪತ್ರ ಕೊಟ್ಟು ಕಾಲಿಗೆ ಬಿದ್ದಾದರೂ ಕೋಚಿನ ಸಿಟ್ಟು ಇಳಿಸಬೇಕು. ಯುವಕರನ್ನು ಸರಿಸಿ ಅವಳೇ ಮುಂದೆ ಬಂದು ನೇರಳೆ ಉಲ್ಲನ್ನಿನ ಹಿಡಿಗಳನ್ನು ಹಿಡಿದಳು. "ಒಂದು ನಿಮಿಷ ಮಗಾ. ಕೊಟ್ಟು ಬಂದುಬಿಡುವ" ಎಂದು ಮೆಟ್ಟಿಲಿನ ಕಡೆಗೆ ತಳ್ಳಿದಳು.

"ಅಮ್ಮಾ, ಐ ಡೋಂಟ್ ವಾಂಟ್ ಟು."

"ಹೂಂ, ಹೂಂ, ಗೊತ್ತುಂಟು. ಒಂದೇ ನಿಮಿಷ."

ಕುರ್ಚಿ ಗಕ್ಕನೆ ನಿಂತಿತು. ದೀಕ್ಷಿತಾ ಬ್ರೇಕ್ ಹಾಕಿದ್ದಳು. ಹರಿವಾಣ ಜಾರಿ ಸೇಬು, ಕಿತ್ತಳೆಗಳು ಮೆಟ್ಟಿಲ ಬುಡಕ್ಕೆ ಉರುಳಿದವು. ಸಭೆಯಲ್ಲಿ ಯಾರೋ ನಕ್ಕರು. ಮುಖ ಕೆಂಪಾಗಿ ಹರಿಣಾಕ್ಷಿ ಕುರ್ಚಿಯ ಮುಂಬದಿಗೆ ಬಂದು, ಆ ಬ್ರೇಕ್ ಬಿಡಿಸಲು ತನ್ನ ಉದ್ದ ಕೈ ಚಾಚಿದಳು.

ಫಟ್ಟೆಂದು ಏನೋ ಅವಳ ಮಣಿಕಟ್ಟಿಗೆ ಬಂದು ಚುಚ್ಚಿತು. ನೋವಿಗೆ ಕಣ್ಣಲ್ಲಿ ನೀರು ಬಂತು. ನೋಡಿದರೆ ಸನ್ಮಾನ ಪತ್ರದ ಕೊಳವೆ. ದೀಕ್ಷಿತಾಳ ತೋಳು ನೇರ ಚಾಚಿತ್ತು, ಬೆನ್ನು ಕುರ್ಚಿ ಬಿಟ್ಟು ಮುಂದಕ್ಕೆ ಬಾಗಿತ್ತು, ಗಲ್ಲ ಮೇಲೆದ್ದಿತ್ತು.

"ಬೇಡ ಅಂದೆ ಅಮ್ಮಾ" ಎಂದಳು, ಕನ್ನಡದಲ್ಲಿ, ಹಿಂದಿನ ಸಾಲಿಗೂ ಕೇಳುವ ಹಾಗೆ. "ಎಲ್ಲರೂ ಕೇಳಿಸ್ಕೊಳ್ಳಿ. ನಾನು ಬೇಡ ಅಂದೆ. ಅವರೂ ಬೇಡ ಅಂದಿದ್ರು."

ಕಮಲಾಕ್ಷ ಹೆಗಲ ಮೇಲೆ ಇನ್ನೊಂದು ಶಾಲು ಹಾಕಿಕೊಂಡು ಬಾಯಿ ತೆರೆದು ನಿಂತಿದ್ದ. ಹರಿಣಾಕ್ಷಿ ಮಣಿಕಟ್ಟು ಹಿಡಿದುಕೊಂಡು ಮಗಳನ್ನು ನೋಡಿದಳು. ಅವಮಾನವಾಗಿತ್ತು, ಸಿಟ್ಟೂ ಬಂದಿತ್ತು. ಊರಿನವರೆಲ್ಲರ ಮುಂದೆ ಹೆತ್ತವಳಿಗೆ ಹೊಡೆಯುವುದೇ? ಆದರೆ ಅಷ್ಟು ದಿನ ಗೋಡೆಯ ಬೆಂಚಿನಲ್ಲಿ ಕೂತು ನೋಡಿದ ಕಣ್ಣು ಅದು, ಕಾಣಬೇಕಾದದ್ದನ್ನು ಕಂಡೇಬಿಟ್ಟಿತು. ಹುಡುಗಿ ಹಿಂದೆ ವಾಲಿರಲಿಲ್ಲ.

"ಗುಡ್!"

ವೇದಿಕೆಯ ಮೇಲಿಂದ ಬಂತು ಆ ಸ್ವರ. ಶೆನ್ ಕೋಚ್ ಮುಂದಕ್ಕೆ ಬಾಗಿದ್ದಳು, ಪೇಟ ಕಳಚಿ ಹೂಕುಂಡದೊಳಗೆ ಬಿದ್ದಿತ್ತು. "ಗುಡ್! ಕೈ ಚೆನ್ನಾಗಿತ್ತು. ಕುಂಡೆ ಎದ್ದಿಲ್ಲ. ಗುಡ್!" ಎಂದು ಕೂಗಿ, ಕೊರಳಿನ ಹಾರ ತೆಗೆದು ಮುಖ್ಯ ಅತಿಥಿಯ ಮಡಿಲಿಗೆ ಹಾಕಿದಳು. ಆಮೇಲೆ ಆ ನಾಲ್ವರನ್ನು ಬೆರಳು ಮಡಚಿ ಕರೆದಳು. "ಬಾ. ಇಲ್ಲಿ ಹಿಡಿ. ಅಲ್ಲಿ ಅಲ್ಲ, ಇಲ್ಲಿ. ನಾನು ಹೇಳಿದ ಮೇಲೆ ಎತ್ತು. ಮೊದಲು ಅಲ್ಲ." ಅವರು ಉಸಿರು ಬಿಗಿಹಿಡಿದು, ಅವಳು ಹೇಳಿದಾಗ ಎತ್ತಿ, ಹೇಳಿದಲ್ಲಿ ಇಳಿಸಿದರು.

ಇಳಿದವಳು ನೇರ ಹರಿಣಾಕ್ಷಿಯ ಮುಂದೆ ಬಂದು ಕುರ್ಚಿ ನಿಲ್ಲಿಸಿದಳು. "ಊಟ ಮಾತ್ರ ಅಂದೆ ನೀನು."

"ಸಾರಿ ಮೇಡಂ." ಎಂದಳು ಹರಿಣಾಕ್ಷಿ. "ನೀವು ಇವಳನ್ನು ಕ್ಲಾಸಿನಿಂದ ತೆಗೀತೀರಿ ಅಂತ ಹೆದರಿ ಮಾಡಿದ್ದು. ನಾನು ಸುಳ್ಳು ಹೇಳಿದೆ."

ಶೆನ್ ಕೋಚ್ ಅವಳ ಕೈ ಎಳೆದುಕೊಂಡು ಮಣಿಕಟ್ಟಿನ ಮೇಲೆ ದುಂಡಗೆ ಮೂಡಿದ್ದ ಕೆಂಪು ಗುರುತನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಹರಿಣಾಕ್ಷಿ ಹಾ ಎಂದಳು.

"ನಿನ್ನ ಕೈ ಉದ್ದ, ಹರಿ. ಅವಳದು ಗಿಡ್ಡ. ಅಂತರ ಆರಿಸುವುದು ಅವಳು, ನೀನಲ್ಲ" ಎಂದು ಕೈ ಬಿಟ್ಟಳು. ಮತ್ತೆ ದೀಕ್ಷಿತಾಳ ಕಡೆ ತಿರುಗಿ, "ಭಾನುವಾರ ತಡ ಮಾಡಬೇಡ. ಈಗ ಕೋಳಿ ಎಲ್ಲಿ?" ಎಂದಳು. ಆ ದಿನ ಅವಳು ಸಾಕು ಎಂದಾಗ ಯಾರೂ ಬಡಿಸಲಿಲ್ಲ.

ಮಾರನೆಯ ಬೆಳಿಗ್ಗೆ ಹರಿಣಾಕ್ಷಿ ಎದ್ದು ಬಂದರೆ ನಡುಮನೆಯಲ್ಲಿ ಕಮಲಾಕ್ಷ ಸ್ಪ್ಯಾನರ್ ಹಿಡಿದು ಮಗಳ ಕುರ್ಚಿಯ ಹಿಂದೆ ಕೂತಿದ್ದ. ದೀಕ್ಷಿತಾ ಸೋಫಾದಲ್ಲಿ ಕೂತು ಹುಕುಂ ಕೊಡುತ್ತಿದ್ದಳು. "ಪಪ್ಪಾ, ನಾಟ್ ದಟ್ ಬೋಲ್ಟ್. ಎಷ್ಟು ಸಲ ಹೇಳ್ಬೇಕು ನಿಮ್ಗೆ?" ಬಾಯಿಗೆ ಬಾಯಿ ಕೊಡುವ ಆ ಹಳೆಯ ಸ್ವರ ಕೇಳಿ ಹರಿಣಾಕ್ಷಿ ಬಾಗಿಲಲ್ಲೇ ನಿಂತಳು.

"ಕೋಚ್ ಮೇಡಂಗೆ ಬೇಜಾರಾಗಿರ್ಬಹುದು ಅಲ್ವಾ?" ಎಂದ ಕಮಲಾಕ್ಷ, ಬೋಲ್ಟಿನಿಂದ ಕಣ್ಣು ತೆಗೆಯದೆ. "ಕ್ಷಮೆ ಕೇಳಿ ಒಂದು ಸಣ್ಣ ಸನ್ಮಾನ..."

"ನೀವು ಸುಮ್ಮನೆ ಆ ಬೋಲ್ಟ್ ತಿರುಗಿಸಿ" ಎಂದರು ಅಮ್ಮ ಮಗಳಿಬ್ಬರೂ.

ಹಿಡಿಗಳು ಕಳಚಿಬಂದವು. ಕಮಲಾಕ್ಷ ಉಲ್ಲನ್ನಿನ ಕವಚಗಳನ್ನು ಎಳೆದು ತೆಗೆದು ಹೆಂಡತಿಯ ಕೈಗೆ ಕೊಟ್ಟ. ಅವು ಅವಳ ಅಂಗೈಯ ಆಕಾರಕ್ಕೇ ಸವೆದಿದ್ದವು.

ಭಾನುವಾರ ಕ್ಲಬ್ಬಿಗೆ ಹೊರಟಾಗ ಲಿಫ್ಟಿನ ಬಾಗಿಲು ತೆರೆಯಿತು. ದೀಕ್ಷಿತಾ ಚಕ್ರಕ್ಕೆ ಕೈ ಹಾಕಿ, ಹೊಸ್ತಿಲಿನ ಸಂದಿಗೆ ಒಮ್ಮೆ ಸಿಕ್ಕಿಕೊಂಡು, ಹಿಂದೆ ಮುಂದೆ ಮಾಡಿ, ತಾನೇ ಬಿಡಿಸಿಕೊಂಡು ಒಳಗೆ ಹೋದಳು. ಅಷ್ಟು ಹೊತ್ತೂ ಹರಿಣಾಕ್ಷಿ ತನ್ನ ಕೈಚೀಲವನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದಳು.

"ಅಮ್ಮಾ, ಬನ್ನಿ. ಲೇಟಾಗ್ತದೆ" ಎಂದಳು ಮಗಳು.